ಹನ್ನೊಂದು ಜನಕ್ಕೆ ಕಳಿಸಿ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಗೆ ವರ್ಷಕ್ಕೆ ಎರಡು ಮೂರು ಸಲವಾದರೂ ಒಂದು ಅಂಚೆ ಕಾರ್ಡು ಬರುತ್ತಿತ್ತು. ಕಳಿಸಿದವರ ಹೆಸರಿಲ್ಲ, ಊರಿಲ್ಲ. ಯಾವುದೋ ದೇವಸ್ಥಾನದಲ್ಲಿ ಹಾವೊಂದು ಮನುಷ್ಯರೂಪ ತಾಳಿ ಮಾತಾಡಿತಂತೆ. ಆ ಸುದ್ದಿಯನ್ನು ಹನ್ನೊಂದು ಕಾರ್ಡುಗಳಲ್ಲಿ ಬರೆದು ಹಂಚಿದವನಿಗೆ ಲಾಟರಿ ಹೊಡೆಯಿತಂತೆ. ನಕ್ಕು ಹರಿದೆಸೆದವನ ಎತ್ತು ಮೂರೇ ದಿನಕ್ಕೆ ಸತ್ತಿತಂತೆ. ಅಮ್ಮ ಅದನ್ನು ನಂಬುತ್ತಲೂ ಇರಲಿಲ್ಲ, ಹರಿಯುವ ಧೈರ್ಯವನ್ನೂ ಮಾಡುತ್ತಿರಲಿಲ್ಲ. ದೇವರ ಗೂಡಿನ ಹಿಂದೆ ಸಿಕ್ಕಿಸಿಡುತ್ತಿದ್ದಳು. ಅಪ್ಪ ಮಾತ್ರ ಲೆಕ್ಕ ಹಾಕುತ್ತಿದ್ದರು: "ಕಾರ್ಡಿಗೆ 15 ಪೈಸೆ. ಹನ್ನೊಂದಕ್ಕೆ 1 ರೂಪಾಯಿ 65 ಪೈಸೆ. ದೇವರ ಹೆಸರಲ್ಲಿ ಲಾಭ ಆಗೋದು ಅಂಚೆ ಇಲಾಖೆಗೆ ಕಣೇ!"

ಆ 1 ರೂಪಾಯಿ 65 ಪೈಸೆಯೇ ಅಂದಿನ ದಿನಗಳಲ್ಲಿ ನಮ್ಮನ್ನು ಕಾಪಾಡಿತು ಎಂದು ಈಗ ಅನ್ನಿಸುತ್ತದೆ. ಕಾರ್ಡು ತರಬೇಕು, ಹನ್ನೊಂದು ಸಲ ಕೈನೋವಾಗುವಂತೆ ಬರೆಯಬೇಕು, ಡಬ್ಬಿಗೆ ಹಾಕಿ ಬರಬೇಕು. ಅಷ್ಟರಲ್ಲಿ ಭಯವೇ ಇಳಿದುಹೋಗುತ್ತಿತ್ತು. ಈಗ ಹೆಬ್ಬೆರಳಿನಿಂದ ಒಂದು ಸಲ ಒತ್ತಿದರಾಯಿತು. ಒಗ್ಗರಣೆ ಸಿಡಿಯುವಷ್ಟರಲ್ಲಿ ಸಂದೇಶ ಇಡೀ ಬಳಗಕ್ಕೆ ತಲುಪಿರುತ್ತದೆ.

ಕತೆಗೆ, ಕವಿತೆಗೆ, ಕಾದಂಬರಿಗೆ ನಮ್ಮಲ್ಲಿ ವಿಮರ್ಶಕರಿದ್ದಾರೆ. ಆದರೆ ನಾವು ಹೆಂಗಸರು ಬೆಳಗಿನಿಂದ ರಾತ್ರಿಯವರೆಗೆ ಓದುವ ಸಾಹಿತ್ಯ ಯಾವುದು, ನೀವೇ ಹೇಳಿ? ಈ ವಾಟ್ಸಪ್ಪಿನ ಫಾರ್ವರ್ಡು. ಇಷ್ಟೊಂದು ಓದುಗರಿರುವ ಪ್ರಕಾರಕ್ಕೆ ಒಬ್ಬ ವಿಮರ್ಶಕಿಯೂ ಇಲ್ಲವೆಂದರೆ ಅನ್ಯಾಯವಲ್ಲವೇ? ಆ ಕೆಲಸಕ್ಕೆ ನಾನೇ ಕೈಹಾಕಿದ್ದೇನೆ. ಯಾಕೆ ಹಾಕಬೇಕಾಯಿತು ಎಂಬುದನ್ನು ಆಮೇಲೆ ಹೇಳುತ್ತೇನೆ. ಹೇಳಲು ಸ್ವಲ್ಪ ನಾಚಿಕೆಯ ವಿಷಯ.

ಮೊದಲು ಭೌತಶಾಸ್ತ್ರದ ವಿಭಾಗ. ಈ ವಿಭಾಗದ ಮೇರುಕೃತಿ ನಿಮಗೂ ಬಂದೇ ಇರುತ್ತದೆ: "ಇಂದು ರಾತ್ರಿ ಹನ್ನೆರಡೂವರೆಯಿಂದ ಮೂರೂವರೆಯವರೆಗೆ ಕಾಸ್ಮಿಕ್ ಕಿರಣಗಳು ಭೂಮಿಯ ಹತ್ತಿರ ಹಾದುಹೋಗಲಿವೆ. ಮೊಬೈಲ್ ದೂರ ಇಟ್ಟು ಮಲಗಿ. ನಾಸಾ ಹೇಳಿದೆ." ಇದರ ಶೈಲಿ ಗಮನಿಸಿ. ತಾರೀಕಿಲ್ಲ, ಬರೀ "ಇಂದು". ಹಾಗಾಗಿ ಎಂದೂ ಹಳತಾಗುವುದಿಲ್ಲ. ಹತ್ತಾರು ವರ್ಷಗಳಿಂದ ಇದೇ "ಇಂದು ರಾತ್ರಿ" ನಡೆಯುತ್ತಲೇ ಇದೆ. ಹೇಳಿದವರು ಯಾರು ಎಂದರೆ ದೊಡ್ಡ ಹೆಸರು, ಆದರೆ ಎಲ್ಲಿ ಹೇಳಿದರು ಎಂದರೆ ಉತ್ತರವಿಲ್ಲ. ಕೊನೆಗೆ, ನಿಮ್ಮವರಿಗೂ ತಿಳಿಸಿ ಎಂಬ ಕರ್ತವ್ಯದ ಮಾತು. ಅಂಚೆ ಕಾರ್ಡಿನ ಹಾವು ಇಲ್ಲಿ ಕಿರಣವಾಗಿದೆ, ಅಷ್ಟೇ.

ಇನ್ನು ವಸ್ತು. ಕಾಸ್ಮಿಕ್ ಕಿರಣ ಸುಳ್ಳಲ್ಲ. ವಿಕ್ಟರ್ ಹೆಸ್ ಎಂಬ ವಿಜ್ಞಾನಿ 1912ರಲ್ಲಿ ಬಲೂನಿನಲ್ಲಿ ಐದು ಸಾವಿರ ಮೀಟರಿಗೂ ಮೇಲೆ ಹೋಗಿ, ಎತ್ತರಕ್ಕೆ ಹೋದಂತೆ ಈ ವಿಕಿರಣ ಹೆಚ್ಚುತ್ತದೆ, ಅಂದರೆ ಇದು ಮೇಲಿನಿಂದ ಬರುತ್ತದೆ ಎಂದು ಕಂಡುಕೊಂಡ. 1936ರಲ್ಲಿ ಅದಕ್ಕೆ ನೊಬೆಲ್ ಬಹುಮಾನವೂ ಬಂತು. ಆದರೆ ಅವು ಒಂದು ರಾತ್ರಿ ಬಂದು ಹೋಗುವ ನೆಂಟರಲ್ಲ. ಆ ಕಿರಣಗಳು ಮೇಲಿನ ಗಾಳಿಗೆ ಬಡಿದಾಗ ಹುಟ್ಟುವ ಮ್ಯುಆನ್ ಎಂಬ ಕಣಗಳು ಹಗಲಿರುಳೂ ಸುರಿಯುತ್ತಲೇ ಇರುತ್ತವೆ. ಅಂಗೈ ಚಾಚಿದರೆ ಸೆಕೆಂಡಿಗೆ ಸುಮಾರು ಒಂದರಂತೆ ಅದನ್ನು ತೂರಿಕೊಂಡು ಹೋಗುತ್ತವೆ. ನೀವು ಇದನ್ನು ಓದುತ್ತಿರುವಾಗಲೂ ಹೋಗುತ್ತಿವೆ. ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ ವಿಜ್ಞಾನಿಗಳು ಎರಡು ಕಿಲೋಮೀಟರಿಗೂ ಆಳಕ್ಕೆ ಇಳಿದು ಪ್ರಯೋಗ ಮಾಡಿದ್ದು ಯಾಕೆ ಗೊತ್ತೇ? ಈ ಕಣಗಳ ಗದ್ದಲದಿಂದ ದೂರ ಹೋಗಲಿಕ್ಕೆ. ಆ ಆಳದಲ್ಲಿಯೇ 1965ರಲ್ಲಿ ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋ ಕಣದ ಸುಳಿವು ಸಿಕ್ಕಿದ್ದು. ಅವರು ಭೂಗರ್ಭಕ್ಕೆ ಇಳಿದು ತಪ್ಪಿಸಿಕೊಂಡದ್ದನ್ನು ನಾವು ಮೊಬೈಲನ್ನು ಹಾಲಿನಲ್ಲಿಟ್ಟು ಕೋಣೆಯಲ್ಲಿ ಮಲಗಿ ತಪ್ಪಿಸಿಕೊಳ್ಳುತ್ತೇವಂತೆ!

2019ರ ಡಿಸೆಂಬರ್ 26ರ ಕಂಕಣ ಗ್ರಹಣದ ದಿನ ಇನ್ನೊಂದು ಕೃತಿ ಬಂತು. ಗ್ರಹಣ ಹಿಡಿದಾಗ ನೀರಿನ ತಟ್ಟೆಯಲ್ಲಿ ಒನಕೆ ನಿಲ್ಲಿಸಿದರೆ ನೆಟ್ಟಗೆ ನಿಲ್ಲುತ್ತದೆ, ಬಿಟ್ಟಾಗ ಬೀಳುತ್ತದೆ ಎಂದು. ನಮ್ಮ ಅತ್ತೆಯವರು ಅಟ್ಟದಿಂದ ಒನಕೆ ಇಳಿಸಿದರು. ನಿಂತಿತು. ಎಲ್ಲರೂ ಕೈಮುಗಿದೆವು. ಗ್ರಹಣ ಬಿಟ್ಟು, ಸ್ನಾನವಾಗಿ, ಊಟವಾಗಿ, ಎಲೆ ಅಡಿಕೆ ಹಾಕಿಕೊಂಡು ಕೂತರೂ ಒನಕೆ ನಿಂತೇ ಇತ್ತು. ಅತ್ತೆಯವರೇ ಕೊನೆಗೆ, "ತಳ ಚಪ್ಪಟೆ ಇದ್ರೆ ಬೀಳೋದು ಹೆಂಗೆ? ನಾವು ಭತ್ತ ಕುಟ್ಟುವಾಗ ಗೋಡೆ ಬದಿಗೆ ಹೀಗೇ ನಿಲ್ಲಿಸ್ತಿದ್ವಲ್ಲ" ಎಂದರು. ಗುರುತ್ವ ಕೇಂದ್ರದಿಂದ ಎಳೆದ ಲಂಬರೇಖೆ ತಳದೊಳಗೆ ಬಿದ್ದರೆ ವಸ್ತು ನಿಲ್ಲುತ್ತದೆ ಎಂಬ ಪಾಠವನ್ನು ನಾನು ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿ ಅಂಕ ತೆಗೆದವಳು. ಅತ್ತೆಯವರು ನಾಲ್ಕನೇ ಇಯತ್ತೆ. ಆದರೆ ಒನಕೆ ಹಿಡಿದ ಕೈ ಅವರದು.

1995ರ ಸೆಪ್ಟೆಂಬರ್ 21 ಕೂಡ ನೆನಪಾಗುತ್ತದೆ. ಗಣಪತಿ ಹಾಲು ಕುಡಿಯುತ್ತಾನೆ ಎಂಬ ಸುದ್ದಿ ಅಂತರ್ಜಾಲದ ಹಂಗಿಲ್ಲದೆ, ಬರೀ ಎಸ್ಟಿಡಿ ಬೂತುಗಳ ಬಲದಿಂದಲೇ ದೇಶವೆಲ್ಲಾ ಹಬ್ಬಿದ ದಿನ. ನಾನೂ ಚಮಚ ಹಿಡಿದು ಸಾಲಿನಲ್ಲಿ ನಿಂತಿದ್ದೆ. ಬಡಾವಣೆಯ ಗುಡಿಯ ಅಮೃತಶಿಲೆಯ ಗಣಪ ನನ್ನ ಚಮಚದ ಹಾಲನ್ನೂ ಕುಡಿದ. ಆಗ ಅಂಗಳ ಗುಡಿಸುವ ಹೆಂಗಸು ಬಕೆಟ್ಟು ಒರೆಸುಬಟ್ಟೆ ಹಿಡಿದು ನಿಂತು ಕೇಳಿದ್ದು ಇಂದಿಗೂ ಕಿವಿಯಲ್ಲಿದೆ: "ಕುಡಿದಿದ್ರೆ ನೆಲ ಯಾಕಮ್ಮಾ ಇಷ್ಟು ಅಂಟು?" ಆಮೇಲೆ ದೆಹಲಿಯಲ್ಲಿ ವಿಜ್ಞಾನಿಗಳು ಹಾಲಿಗೆ ಬಣ್ಣ ಬೆರೆಸಿ ತೋರಿಸಿದ್ದೂ ಅದನ್ನೇ. ಚಮಚದ ಅಂಚು ಕಲ್ಲಿಗೆ ತಾಗಿದಾಗ ಮೇಲ್ಮೈ ಸೆಳೆತದಿಂದ ಹಾಲು ಹೊರಗೆ ಎಳೆಯಲ್ಪಟ್ಟು ತೆಳ್ಳಗೆ ಮೈಮೇಲೆ ಹರಿಯುತ್ತದೆ; ಬಿಳಿ ಕಲ್ಲಿನ ಮೇಲೆ ಬಿಳಿ ಹಾಲು ಕಾಣುವುದಿಲ್ಲ. ಇದರಿಂದ ನನ್ನ ಭಕ್ತಿಗೇನೂ ಕುಂದು ಬರಲಿಲ್ಲ. ಗಣಪತಿಗೆ ಈಗಲೂ ಕಡುಬು ಮಾಡುತ್ತೇನೆ. ನೆಲ ಒರೆಸುವವಳಿಗೆ ಕಂಡದ್ದು ಸಾಲಿನಲ್ಲಿದ್ದ ನಮಗೆ ಕಾಣಲಿಲ್ಲವಲ್ಲ ಎಂಬುದಷ್ಟೇ ನನ್ನ ಸಂಕಟ.

ಇದನ್ನೆಲ್ಲ ನಕ್ಕು ಬಿಡಬಹುದು. ಒನಕೆ ನಿಂತರೆ ಯಾರಿಗೇನು ನಷ್ಟ? ಆದರೆ ನಂಬುವ ಅಭ್ಯಾಸ ಒಂದೇ ಕಡೆ ನಿಲ್ಲುವುದಿಲ್ಲ. 2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಎಂಬಲ್ಲಿ, ಮಕ್ಕಳಿಗೆ ಚಾಕಲೇಟು ಕೊಟ್ಟ ತಪ್ಪಿಗೆ, ಹೈದರಾಬಾದಿನಿಂದ ಬಂದಿದ್ದ ಯುವಕನೊಬ್ಬನನ್ನು ಮಕ್ಕಳ ಕಳ್ಳನೆಂದು ಜನ ಹೊಡೆದು ಕೊಂದರು. ವಾಟ್ಸಪ್ಪಿನಲ್ಲಿ ಆ ಗಾಳಿಸುದ್ದಿ ಓಡಾಡುತ್ತಿತ್ತು. ಅದನ್ನು ಕಳಿಸಿದವರಲ್ಲಿ ಎಷ್ಟೋ ಮಂದಿ ತಾಯಂದಿರೇ ಇದ್ದಿರಬಹುದು. "ಮಕ್ಕಳು ಜೋಪಾನ" ಎಂಬ ಕಾಳಜಿಯಿಂದಲೇ ಕಳಿಸಿದ್ದಿರಬಹುದು. ಅದೇ ತಿಂಗಳು ನಮ್ಮ ದೇಶದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐವರಿಗಿಂತ ಹೆಚ್ಚು ಕಡೆ ಕಳಿಸಲಾಗದಂತೆ ಮಿತಿ ತರುವ ತೀರ್ಮಾನವಾಯಿತು. ಅಪ್ಪನ 15 ಪೈಸೆಯ ಲೆಕ್ಕ ಮತ್ತೊಂದು ರೂಪದಲ್ಲಿ ಬಂತು ಎಂದುಕೊಂಡೆ.

ಈಗ ನನ್ನ ನಾಚಿಕೆಯ ವಿಷಯಕ್ಕೆ ಬರುತ್ತೇನೆ.

ನನ್ನ ಚಿಕ್ಕಮ್ಮ ಹಳ್ಳಿಯಲ್ಲಿ ಒಬ್ಬರೇ ಇದ್ದಾರೆ. ಚಿಕ್ಕಪ್ಪ ಹೋಗಿ ಒಂಬತ್ತು ವರ್ಷವಾಯಿತು. ಮಗ ದೂರದ ಊರಿನಲ್ಲಿ. ಕೊರೋನಾ ಕಾಲದಲ್ಲಿ ಮೊಬೈಲು ಕಲಿತರು. ಹೋದ ವರ್ಷ ಒಂದು ಮಧ್ಯಾಹ್ನ ನನಗೆ ಪರಿಚಯದವರೊಬ್ಬರ ನಂಬರಿನಿಂದ ಮದುವೆಯ ಕರೆಯೋಲೆ ಬಂತು. ಚಿತ್ರವಲ್ಲ, ಒಂದು ಫೈಲು. ಯಾರ ಮದುವೆಯೋ, ನೋಡೋಣ ಸಂಜೆಗೆ ಎಂದುಕೊಂಡೆ. ಚಿಕ್ಕಮ್ಮನಿಗೂ ಅವರ ಪರಿಚಯವಿತ್ತು. ಕರೆ ತಪ್ಪಿಹೋದೀತೆಂದು ತೆರೆದೂ ನೋಡದೆ ಅವರಿಗೆ ಕಳಿಸಿದೆ. ತೆರೆಯಲು ಸೋಮಾರಿತನ, ಕಳಿಸಲು ಇಲ್ಲ. ಅದೇ ಸೋಮಾರಿತನ ನನ್ನನ್ನು ಉಳಿಸಿತು, ಅವರನ್ನು ಮುಳುಗಿಸಿತು.

ಅದು ಕರೆಯೋಲೆಯಾಗಿರಲಿಲ್ಲ. ಹೆಸರಿನ ಕೊನೆಗೆ "ಎಪಿಕೆ" ಎಂಬ ಮೂರಕ್ಷರವಿದ್ದ, ಮೊಬೈಲಿನೊಳಗೆ ಬಂದು ಕೂರುವ ಕಳ್ಳ ಆ್ಯಪ್. ಕೇಳಿದ್ದಕ್ಕೆಲ್ಲ ಚಿಕ್ಕಮ್ಮ "ಸರಿ" ಒತ್ತಿದ್ದಾರೆ. ಬರುವ ಎಸ್ಸೆಮ್ಮೆಸ್ಸುಗಳನ್ನು ಓದುವ ಅನುಮತಿಯೂ ಅದರಲ್ಲಿತ್ತು. ರಾತ್ರಿಯೊಳಗೆ ಅಡಿಕೆ ಮಾರಿ ಇಟ್ಟಿದ್ದ ಹಣದಲ್ಲಿ 42 ಸಾವಿರ ಹೋಯಿತು. ಅವರು ನನಗೆ ಫೋನು ಮಾಡಿ ಅತ್ತು ಹೇಳಿದ್ದು ಎರಡು ಮಾತು. ಒಂದು: "ನಾನು ಓಟಿಪಿ ಯಾರಿಗೂ ಹೇಳ್ಲಿಲ್ಲವಲ್ಲೇ ಮಾರಾಯ್ತಿ!" ಇನ್ನೊಂದು: "ನೀನು ಕಳಿಸಿದ್ದೀಯಲ್ಲ ಅಂತ ಒತ್ತಿದೆ."

ಎರಡನೆಯ ಮಾತು ನನ್ನ ನಿದ್ದೆಗೆಡಿಸಿತು. ಮೊದಲನೆಯದು ನನ್ನನ್ನು ಈ ವಿಮರ್ಶೆಗೆ ಕೂರಿಸಿತು. ಓಟಿಪಿ ಹೇಳಬಾರದು ಎಂಬ ನಿಯಮವನ್ನು ಚಿಕ್ಕಮ್ಮ ಮಡಿಯಷ್ಟು ಕಟ್ಟುನಿಟ್ಟಾಗಿ ಪಾಲಿಸಿದ್ದರು. ಆದರೆ ಯಾಕೆ ಹೇಳಬಾರದು, ಅದು ಏನು ಕೆಲಸ ಮಾಡುತ್ತದೆ ಎಂದು ನಾವ್ಯಾರೂ ಅವರಿಗೆ ಹೇಳಿರಲಿಲ್ಲ. ಓಟಿಪಿ ಎಂದರೆ ಒಂದೇ ಸಲ ತಿರುಗುವ ಕೀಲಿಕೈ. ಬಾಯಲ್ಲಿ ಹೇಳಿದರೂ ಅಷ್ಟೇ, ಅದು ಬರುವ ಪೆಟ್ಟಿಗೆಯನ್ನೇ ಇನ್ನೊಬ್ಬರು ನೋಡುವಂತೆ ಮಾಡಿದರೂ ಅಷ್ಟೇ. ಒಳಗಿನ ಕೆಲಸ ತಿಳಿಯದ ನಿಯಮ ಗ್ರಹಣದ ದರ್ಭೆಯಂತೆ. ಪಾತ್ರೆಯ ಮೇಲಿಟ್ಟು ನಿಶ್ಚಿಂತೆಯಾಗುತ್ತೇವೆ.

ನಮ್ಮ ಇಂಥ ದರ್ಭೆಗಳು ಇನ್ನೂ ಇವೆ. ಜಾಲತಾಣದ ವಿಳಾಸದ ಪಕ್ಕ ಬೀಗದ ಗುರುತಿದ್ದರೆ ಭಯವಿಲ್ಲ ಎನ್ನುತ್ತೇವೆ. ಆ ಬೀಗ ಹೇಳುವುದು, ನಿಮ್ಮ ಮಾತು ದಾರಿಯಲ್ಲಿ ಬೇರೆಯವರ ಕಿವಿಗೆ ಬೀಳದು ಎಂದಷ್ಟೇ. ಆ ತುದಿಯಲ್ಲಿ ಕೂತವನು ಸಂಭಾವಿತನೆಂದು ಅದು ಹೇಳುವುದಿಲ್ಲ. ಹಣ ಬರಲಿಕ್ಕೂ ಪಿನ್ ಒತ್ತಬೇಕು ಎಂದುಕೊಂಡವರಿದ್ದಾರೆ. ಯುಪಿಐಯಲ್ಲಿ ಪಿನ್ ಒತ್ತಿದರೆ ಹಣ ಹೋಗುತ್ತದೆ, ಬರಲು ಬೇಕಿಲ್ಲ. ಪೊಲೀಸರು ವಿಡಿಯೋ ಕರೆಯಲ್ಲೇ "ಡಿಜಿಟಲ್ ಅರೆಸ್ಟ್" ಮಾಡುತ್ತಾರೆಂದು ಹೆದರಿ ಕೋಣೆಯ ಬಾಗಿಲು ಹಾಕಿ ಕೂತವರಿದ್ದಾರೆ. ನಮ್ಮ ಕಾನೂನಿನಲ್ಲಿ ಅಂಥ ಬಂಧನವೇ ಇಲ್ಲ. "ನನ್ನ ಖಾತೆಯಲ್ಲಿ ಏನಿದೆ ಮಣ್ಣು, ನನ್ನನ್ಯಾರು ಮುಟ್ಟುತ್ತಾರೆ" ಎನ್ನುವುದು ಎಲ್ಲಕ್ಕಿಂತ ದೊಡ್ಡ ದರ್ಭೆ. ಕಳ್ಳನಿಗೆ ಬೇಕಾದದ್ದು ನಿಮ್ಮ ಹಣವೊಂದೇ ಅಲ್ಲ, ನಿಮ್ಮ ಹೆಸರು. ನನ್ನ ಹೆಸರನ್ನು ನೋಡಿಯೇ ಅಲ್ಲವೇ ಚಿಕ್ಕಮ್ಮ ಒತ್ತಿದ್ದು?

ಇದೇನೂ ಹೊಸ ಉಪಾಯವಲ್ಲ. 2000ದ ಮೇ ತಿಂಗಳಲ್ಲಿ ಫಿಲಿಪ್ಪೀನ್ಸಿನಿಂದ ಹೊರಟ "ಐ ಲವ್ ಯೂ" ಎಂಬ ಇಮೇಲ್ ಒಂದೆರಡು ದಿನಗಳಲ್ಲೇ ಜಗತ್ತಿನ ಲಕ್ಷಾಂತರ ಕಂಪ್ಯೂಟರುಗಳನ್ನು ಕೆಡಿಸಿತು. ಅದೂ ಪರಿಚಯದವರ ವಿಳಾಸದಿಂದಲೇ ಬರುತ್ತಿತ್ತು, ಪ್ರೇಮಪತ್ರದ ವೇಷದಲ್ಲಿ. ಅದನ್ನು ತೆರೆದವರಲ್ಲಿ ದೊಡ್ಡ ದೊಡ್ಡ ಕಚೇರಿಗಳ ಕಲಿತ ಗಂಡಸರೇ ಎಷ್ಟೋ ಮಂದಿ. ಆದ್ದರಿಂದ "ಅಮ್ಮಂದಿರಿಗೆ ತಿಳಿಯುವುದಿಲ್ಲ" ಎಂದು ನಗುವ ನಮ್ಮ ಎಂಜಿನಿಯರ್ ಮಕ್ಕಳಿಗೆ ಹೇಳುತ್ತೇನೆ: ನಗುವ ಬದಲು ಹತ್ತು ನಿಮಿಷ ಪಕ್ಕದಲ್ಲಿ ಕೂತು ಹೇಳಿಕೊಡಿ. ನೀವು ತೊದಲುವಾಗ ನಾವು ನಕ್ಕು ಎದ್ದುಹೋಗಲಿಲ್ಲ.

ವಿಮರ್ಶಕಿ ಗುಣವನ್ನೂ ಹೇಳಬೇಕಲ್ಲ. ಈ ಸಾಹಿತ್ಯದಲ್ಲಿ ನನಗೆ ತುಂಬ ಪ್ರಿಯವಾದದ್ದು, ಎಲ್ಲರೂ ಹಾಸ್ಯ ಮಾಡುವ ಗುಲಾಬಿ ಹೂವಿನ "ಶುಭೋದಯ". ಚಿಕ್ಕಮ್ಮ ದಿನಾ ಬೆಳಗ್ಗೆ ಆರಕ್ಕೆ ಕಳಿಸುತ್ತಾರೆ. ಅದರ ಅರ್ಥ, ಎದ್ದಿದ್ದೇನೆ, ಇದ್ದೇನೆ ಎಂದು. ಹಣ ಹೋದ ಮೇಲೆ ಹದಿನೇಳು ದಿನ ಆ ಹೂವು ಬರಲಿಲ್ಲ. ನಾನು ಬಸ್ಸು ಹತ್ತಿ ಹೋದೆ. ಮೊಬೈಲು ಅಕ್ಕಿ ಡಬ್ಬದೊಳಗಿತ್ತು. "ಬೇಡ ಕಣೇ, ಅದರ ಸಹವಾಸ" ಎಂದರು. ಬಸ್ಸಿನ ದಾರಿಯುದ್ದಕ್ಕೂ ನಾನು ತಯಾರು ಮಾಡಿಕೊಂಡಿದ್ದ ಕ್ಷಮೆಯ ಮಾತೆಲ್ಲ ಆ ಡಬ್ಬ ನೋಡಿ ಮರೆತುಹೋಯಿತು.

ಎರಡು ದಿನ ಇದ್ದೆ. ಯಾವ ಫೈಲು ಚಿತ್ರ, ಯಾವುದು ಆ್ಯಪ್, ಅನುಮತಿ ಕೇಳಿದರೆ ಏನೆಂದು ಓದಬೇಕು ಎಂದು ತೋರಿಸಿದೆ. ಹಣ ಹೋದರೆ ಅಳುತ್ತಾ ಕೂರದೆ ಮೊದಲು 1930ಕ್ಕೆ ಫೋನು ಮಾಡಬೇಕು, ಬೇಗ ಹೇಳಿದಷ್ಟೂ ಹಣವನ್ನು ದಾರಿಯಲ್ಲೇ ತಡೆಯುವ ಸಾಧ್ಯತೆ ಹೆಚ್ಚು ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟೆ. ನಾವು ಹೇಳುವಷ್ಟರಲ್ಲಿ ಒಂದು ರಾತ್ರಿ ಕಳೆದಿತ್ತು, ಹಣ ಬರಲಿಲ್ಲ. ಚಿಕ್ಕಮ್ಮ ಎಲ್ಲ ಕೇಳಿಸಿಕೊಂಡು, "ಅಂದ್ರೆ ಅನ್ನ ಬೆಂದಿದೆಯಾ ಅಂತ ಅಗುಳು ಹಿಚುಕಿ ನೋಡೋ ಹಾಗೆ" ಎಂದರು. ಇದಕ್ಕಿಂತ ಚೆನ್ನಾಗಿ ಯಾರು ಹೇಳಿಯಾರು? ಭೌತಶಾಸ್ತ್ರದ ಮೇಷ್ಟರಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದ್ದರು. ಅವರು ಕಲಿಸಹೊರಟದ್ದೂ ಅಗುಳು ಹಿಚುಕುವುದನ್ನೇ. ಸೀರೆಯ ಅಂಗಡಿಯಲ್ಲಿ ಸೆರಗು ತಿರುಗಿಸಿ ನೋಡುವ, ಬದನೆಕಾಯಿಯ ತೊಟ್ಟು ಮುರಿದು ನೋಡುವ ನಮಗೆ ಅದು ಬಾರದ ವಿದ್ಯೆಯಲ್ಲ. ಮೊಬೈಲು ಕೈಗೆ ಬಂದಾಗ ಮಾತ್ರ ಯಾಕೋ ಮರೆಯುತ್ತೇವೆ.

ಈಗ ನಾನೊಂದು ವ್ರತ ಹಿಡಿದಿದ್ದೇನೆ. ಯಾರಿಗೆ ಏನು ಕಳಿಸಿದರೂ ಜೊತೆಗೆ ನನ್ನದೇ ಒಂದು ಸಾಲು ಬರೆಯಬೇಕು: ಎಲ್ಲಿ ಓದಿದೆ, ಯಾಕೆ ಕಳಿಸುತ್ತಿದ್ದೇನೆ ಎಂದು. ಬರೆಯಲು ತೋಚದಿದ್ದರೆ ಕಳಿಸುವುದಿಲ್ಲ. ಗುಲಾಬಿ ಹೂವು ಮತ್ತೆ ಬೆಳಗ್ಗೆ ಆರಕ್ಕೆ ಬರುತ್ತಿದೆ. ಆದರೆ ನಾನು ಏನಾದರೂ ಕಳಿಸಿದರೆ ಚಿಕ್ಕಮ್ಮ ಈಗ ಒಂದು ಪ್ರಶ್ನೆ ಕೇಳುತ್ತಾರೆ: "ಇದು ನೀನು ಓದಿದ್ದೋ, ಬರೀ ಕಳಿಸಿದ್ದೋ?"

ಕೇಳಿದಾಗಲೆಲ್ಲ ಚುರುಕ್ಕೆನ್ನುತ್ತದೆ. ಆದರೂ ಕೇಳಲಿ. ನೀವೂ ಕೇಳಿ. ಈ ಬರಹವನ್ನು ಹನ್ನೊಂದು ಜನಕ್ಕೆ ಕಳಿಸಿ ಎಂದು ಮಾತ್ರ ನಾನು ಹೇಳುವುದಿಲ್ಲ.