ಹೊರಗಿನ ಚಿಲಕ ಮತ್ತು ಶೇಕಡ 5

ಅಂಗವಿಕಲರಿಗಾಗಿ ಗ್ರಾಮ ಪಂಚಾಯಿತಿಗಳು ಎತ್ತಿಡುವ ಶೇ 5ರ ಅನುದಾನಕ್ಕೆ ನಮ್ಮಲ್ಲಿ ಒಳ್ಳೆಯ ಹೆಸರಿದೆ. ಗಾಲಿಕುರ್ಚಿ, ಶ್ರವಣಸಾಧನ, ವಾಟರ್ ಬೆಡ್ ಹಂಚಿದ ಫೋಟೊಗಳು ಪತ್ರಿಕೆಯ ಜಿಲ್ಲಾ ಪುಟದಲ್ಲಿ ಬರುತ್ತಲೇ ಇರುತ್ತವೆ. ಅಂಗವಿಕಲರ ಕುರಿತ 1995ರ ಕಾಯ್ದೆಯ ಶೇ 3, ಅವರ ಹಕ್ಕುಗಳ 2016ರ ಕಾಯ್ದೆಯಿಂದ ಶೇ 5 ಆದ ಕಥೆ ಓದುಗರಿಗೆ ಗೊತ್ತಿರುವುದೇ. ಆ ಹೆಸರು ಯೋಜನೆಯ ಯೋಗ್ಯತೆಗಿಂತ ಬಹಳ ದೊಡ್ಡದಾಯಿತು ಎಂಬುದು ನನ್ನ ತಕರಾರು. ಇದು ಸಾಮಾನು ಕೊಡುವ ಯೋಜನೆ. ಇನ್ನೊಬ್ಬರ ಕೈ ಇಲ್ಲದೆ ದಿನ ದೂಡಲಾರದ ವಯಸ್ಕರಿಗೆ ಇದರಲ್ಲಿ ಜಾಗವಿಲ್ಲ.

ಕಳಸದ ಕಡೆಯ ಕಾಫಿ ತೋಟವೊಂದರ ಲೈನ್ ಮನೆಯಲ್ಲಿ, ಅಂದರೆ ಕೂಲಿಯವರ ಸಾಲುಮನೆಯಲ್ಲಿ, ಕಂಡದ್ದನ್ನು ಹೇಳುತ್ತೇನೆ. ಕುಯ್ಲಿನ ದಿನಗಳು. ಬೆಳಿಗ್ಗೆ ಹಾಜರಿಗೆ ಹೊರಟ ತಾಯಿ, ಸೆರೆಬ್ರಲ್ ಪಾಲ್ಸಿ ಇರುವ ಮೂವತ್ತರ ಆಸುಪಾಸಿನ ಮಗನನ್ನು ಗೋಡೆಗೆ ಒರಗಿಸಿ ಕೂರಿಸಿದಳು. ಕೈಗೆ ಸಿಗುವಂತೆ ಒಂದು ಚೊಂಬು ನೀರು, ತಟ್ಟೆಯಲ್ಲಿ ನೆನೆಸಿದ ಅವಲಕ್ಕಿ. ರೇಡಿಯೊ ಹಚ್ಚಿದಳು. ಹೊರಗಿನಿಂದ ಚಿಲಕ ಹಾಕಿ, ಅದರ ಕೊಂಡಿಗೆ ಕಡ್ಡಿಯೊಂದನ್ನು ಸಿಕ್ಕಿಸಿದಳು. "ಮಧ್ಯಾಹ್ನ ಒಂದ್ಸಲ ಓಡಿ ಬಂದು ಮಗ್ಗುಲು ಬದಲಿಸಿ ಹೋಗ್ತೀನಿ ಸಾರ್, ಕೆಜಿ ಲೆಕ್ಕ, ಬಿಟ್ಟು ಬರಕ್ಕಾಗಲ್ಲ" ಎಂದಳು. ಮನೆಯ ಮೂಲೆಯಲ್ಲಿ ಗಾಲಿಕುರ್ಚಿ ಮಡಚಿಟ್ಟಿತ್ತು, ಅದರ ಬೆನ್ನಿಗೆ ಬಣ್ಣದಲ್ಲಿ ಪಂಚಾಯಿತಿಯ ಹೆಸರು. ಲೈನಿನ ಮೆಟ್ಟಿಲು ಇಳಿದರೆ ತೋಟದ ಇಳಿಜಾರು. ಆ ಕುರ್ಚಿಯನ್ನು ತಳ್ಳಿಕೊಂಡು ಎಲ್ಲಿಗೆ ಹೋಗಬೇಕು, ತಳ್ಳುವವರು ಯಾರು?

ಈಗ ಕಾಯ್ದೆಯ ಒಂದು ಮಾತನ್ನು ಹಿಡಿದು ನೋಡಬೇಕು, ಏಕೆಂದರೆ ಅದನ್ನು ಹೆಚ್ಚಿನವರು ಓದಿ ದಾಟಿಬಿಡುತ್ತಾರೆ. 2016ರ ಕಾಯ್ದೆಯ 24ನೇ ಕಲಮು ಸಾಮಾಜಿಕ ಭದ್ರತೆಯದ್ದು. ಅಂಗವಿಕಲರಿಗೆ ಕೊಡುವ ನೆರವು, ಅದೇ ಬಗೆಯ ಯೋಜನೆಯಲ್ಲಿ ಉಳಿದವರಿಗೆ ಕೊಡುವುದಕ್ಕಿಂತ ಕನಿಷ್ಠ ಶೇ 25 ಹೆಚ್ಚಿರಬೇಕು ಎಂದು ಅದರ ಷರತ್ತು. ಇಲ್ಲಿ 'ಪ್ರಯತ್ನಿಸಬೇಕು' ಎಂಬ ಮೆದು ಮಾತಿಲ್ಲ, 'ಇರಬೇಕು' ಎಂದೇ ಇದೆ. ಲೆಕ್ಕ ಹಾಕೋಣ. ಕರ್ನಾಟಕದಲ್ಲಿ ವೃದ್ಧರ ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1,200 ರೂಪಾಯಿ. ಅದಕ್ಕೆ ಕಾಲು ಭಾಗ ಕೂಡಿಸಿದರೆ 1,500. ಶೇ 40ರಿಂದ 75ರವರೆಗಿನ ಅಂಗವೈಕಲ್ಯಕ್ಕೆ ಸಿಗುವುದು 800, ಅದಕ್ಕೂ ಮೇಲ್ಪಟ್ಟವರಿಗೆ 1,400. ತೀವ್ರ ಬುದ್ಧಿಮಾಂದ್ಯರಿಗಿರುವ 2,000 ಮಾತ್ರ ಗೆರೆ ದಾಟುತ್ತದೆ. ಮಗ್ಗುಲು ಬದಲಿಸಲೂ ಆಗದ ಆ ಮಗನ 1,400 ಕಾಯ್ದೆಯ ಅಳತೆಗಿಂತ ನೂರು ರೂಪಾಯಿ ಕಡಿಮೆ. ಕುಯ್ಲಿನ ನಾಲ್ಕು ದಿನದ ಕೂಲಿಗೂ ಅದು ಸಾಟಿಯಲ್ಲ.

2024-25ರ ಬಜೆಟ್‌ನಲ್ಲಿ ರಾಜ್ಯ ಸರ್ಕಾರ ಆರೈಕೆದಾರರಿಗೆ ತಿಂಗಳಿಗೆ 1,000 ರೂಪಾಯಿ ಘೋಷಿಸಿದ್ದು ನಿಜ. ಅದು ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೊಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರ ಮನೆಗೆ. ಬುದ್ಧಿಮಾಂದ್ಯ ಮಕ್ಕಳ ತಾಯಂದಿರು ಹೊರಗುಳಿದರು.

ಶೇ 5ರ ಲೆಕ್ಕವೂ ಹೀಗೇ ಸೋರುತ್ತದೆ. ಅದರ ಮುಖ್ಯ ಬೇರು ಪಂಚಾಯಿತಿಯ ಸ್ವಂತ ವರಮಾನ. ಪಂಚಾಯಿತಿ ಕಂದಾಯ ಹಾಕುವುದು ಕಟ್ಟಡಗಳಿಗೆ, ಕಾಫಿ ಗಿಡಗಳಿಗಲ್ಲ. ರೆಸಾರ್ಟು, ಹೋಂಸ್ಟೇಗಳಿರುವ ಊರಿನ ಅಂಗವಿಕಲರಿಗೆ ಒಂದಿಷ್ಟು ಹೆಚ್ಚು, ತೋಟ ಮತ್ತು ಲೈನ್ ಮನೆಗಳೇ ಇರುವ ಊರಿನವರಿಗೆ ಕಡಿಮೆ. ಹತ್ತು ಲಕ್ಷ ವಸೂಲಾದರೆ ಶೇ 5 ಎಂದರೆ ಐವತ್ತು ಸಾವಿರ. ಒಬ್ಬ ಆಯಾಗೆ ವರ್ಷದ ಸಂಬಳ ಅದರಲ್ಲಿ ಹೊರಡುವುದಿಲ್ಲ, ನಾಲ್ಕು ಕುರ್ಚಿ ಹೊರಡುತ್ತವೆ. ಕುರ್ಚಿ ಕೊಂಡರೆ ಬಿಲ್ಲು ಸಿಗುತ್ತದೆ, ಕಡತ ಮುಗಿಯುತ್ತದೆ. ಆರೈಕೆ ಪ್ರತಿದಿನ ಬೆಳಿಗ್ಗೆ ಮತ್ತೆ ಶುರುವಾಗುವ ಕೆಲಸ.

ಈ ಅನುದಾನದ ಬಗ್ಗೆ ಬರೆಯುವ ನಮ್ಮ ಟೀಕಾಕಾರರ ಮೇಲೂ ನನಗೆ ಸಿಟ್ಟಿದೆ. ಅವರಲ್ಲಿ ಹೆಚ್ಚಿನವರ ಪ್ರಶ್ನೆ ಒಂದೇ: ಹಣ ಖರ್ಚಾಯಿತೇ, ಇಲ್ಲವೇ? ಮಾರ್ಚ್ ಬಂದಾಗ 'ಬಳಕೆಯಾಗದ ಅನುದಾನ' ಎಂದು ಬರೆಯುತ್ತಾರೆ, ಏಪ್ರಿಲ್‌ನಲ್ಲಿ ಮರೆಯುತ್ತಾರೆ. ಪೂರ್ತಿ ಖರ್ಚಾದ ಪಂಚಾಯಿತಿಯಲ್ಲೂ ಆ ಚಿಲಕ ಹೊರಗಿನಿಂದಲೇ ಬೀಳುತ್ತಿತ್ತು ಎಂಬುದು ಅವರ ಕಣ್ಣಿಗೆ ಬೀಳುವುದಿಲ್ಲ. ಇನ್ನೊಂದು ಗುಂಪಿನವರು ತಾಯಿಯ ಮಡಿಲಿಗಿಂತ ಬೇರೆ ಆಶ್ರಮ ಬೇಕೇ, ಸಂಸ್ಥೆ ಎಂದರೆ ಪಾಶ್ಚಾತ್ಯರ ರೋಗ ಎನ್ನುತ್ತಾರೆ. ಸಭೆಗಳಲ್ಲಿ ಇದಕ್ಕೆ ಚಪ್ಪಾಳೆ ಬೀಳುತ್ತದೆ. ಅವರಿಗೆ ಲೈನ್ ಮನೆಯ ಸ್ವರೂಪ ಗೊತ್ತಿಲ್ಲ. ಅದು ತಾಯಿಯ ಮನೆಯಲ್ಲ, ಅವಳ ಕೆಲಸದ ಮನೆ. ಕೈಲಾಗದೆ ಕೆಲಸ ಬಿಟ್ಟ ದಿನ ಮನೆಯನ್ನೂ ಬಿಡಬೇಕು. ಆಗ ಮಗನಿಗೆ ವಯಸ್ಸು ನಲವತ್ತು ಆಗಿರುತ್ತದೆ, ಅವಳಿಗೆ ಅರವತ್ತೈದು. ಮಡಿಲನ್ನು ಹೊಗಳುವವರು ಆ ದಿನಕ್ಕೆ ಏನು ಉತ್ತರ ಇಟ್ಟುಕೊಂಡಿದ್ದಾರೆ? 1951ರ ತೋಟ ಕಾರ್ಮಿಕರ ಕಾಯ್ದೆ ಕೂಡ ಕೂಲಿಯವರ ಎಳೆಯ ಮಕ್ಕಳಿಗೆ ಶಿಶುವಿಹಾರ ಕೇಳಿತು. ಮಗು ದೊಡ್ಡದಾದ ಮೇಲೂ ಮಗುವಾಗಿಯೇ ಉಳಿದರೆ ಏನು ಎಂದು ಕೇಳಲಿಲ್ಲ.

ಇಂಗ್ಲೆಂಡಿನಲ್ಲಿ ಸ್ಥಳೀಯ ಕೌನ್ಸಿಲ್‌ಗಳು ಇಂಥ ವಯಸ್ಕರಿಗೆ ಆರೈಕೆ ಒದಗಿಸಿ, ಅವರ ಭತ್ಯೆಯಿಂದ ಶುಲ್ಕ ಪಡೆಯುತ್ತವೆ. ದುಡಿಯಬಲ್ಲವರ ಸಂಬಳ ಬಿಟ್ಟು, ದುಡಿಯಲಾಗದವರ ಭತ್ಯೆಯನ್ನೇ ಎಣಿಸಿದ ನಾರ್‌ಫೋಕ್ ಕೌಂಟಿಯ ಪದ್ಧತಿ ತಾರತಮ್ಯದ್ದು ಎಂದು 2020ರಲ್ಲಿ ಅಲ್ಲಿನ ಹೈಕೋರ್ಟ್ ತೀರ್ಪು ಕೊಟ್ಟಿತು. ನಮ್ಮಲ್ಲಿ ಶುಲ್ಕಕ್ಕೆ ರಸೀದಿಯೇ ಇಲ್ಲ. ತಾಯಿ ಕಳೆದುಕೊಂಡ ಹಾಜರಿಯೇ ಆ ಶುಲ್ಕ, ಅದನ್ನು ಪ್ರಶ್ನಿಸಲು ನ್ಯಾಯಾಲಯವೂ ಇಲ್ಲ.

ದೂರ ಹೋಗುವುದೂ ಬೇಡ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿದು ಸ್ವಲ್ಪ ಮುಂದೆ ಹೋದರೆ ಕೊಕ್ಕಡದಲ್ಲಿ ಎಂಡೋಸಲ್ಫಾನ್ ಪೀಡಿತರ ಪಾಲನಾ ಕೇಂದ್ರವಿದೆ. ಕಾಸರಗೋಡಿನ ಪಂಚಾಯಿತಿಗಳು ಮಹಿಳಾ ಸಂಘಗಳ ಜಾಲವಾದ ಕುಟುಂಬಶ್ರೀ ಜೊತೆ ಸೇರಿ ಬುದ್ಧಿಮಾಂದ್ಯ ಮಕ್ಕಳ ಬಡ್ಸ್ ಶಾಲೆಗಳನ್ನು ನಡೆಸುತ್ತವೆ. ಕೇರಳದಲ್ಲಿ ಹದಿನೆಂಟು ದಾಟಿದವರಿಗೆಂದೇ ಬಡ್ಸ್ ಪುನರ್ವಸತಿ ಕೇಂದ್ರಗಳಿವೆ. ಗೇರು ತೋಪಿನ ಮೇಲೆ ಎಂಡೋಸಲ್ಫಾನ್ ವಿಷ ಬಿದ್ದ ನಂತರ ಆ ಕಡೆಯವರಿಗೆ ಹಗಲಿನ ಆಸರೆ ಸಿಕ್ಕಿತು. ಆಸರೆಗೆ ವಿಷವೇ ಬೀಳಬೇಕೆಂದೇನೂ ಇಲ್ಲ. ಪಂಚಾಯಿತಿಗೆ ಇಂಥದ್ದು ನಡೆಸಲು ಬರುವುದಿಲ್ಲ ಎಂಬ ವಾದವನ್ನೂ ನಾನು ಒಪ್ಪುವುದಿಲ್ಲ: 2023-24ರ ಬಜೆಟ್‌ನ ನಂತರ ನರೇಗಾ ಕೂಲಿ ಹೆಂಗಸರ ಮಕ್ಕಳಿಗೆ 'ಕೂಸಿನ ಮನೆ' ನಡೆಸಲು ಹೊರಟದ್ದು ಇದೇ ಪಂಚಾಯಿತಿಗಳು.

ಗಾಲಿಕುರ್ಚಿ ಬೇಡ ಎನ್ನುತ್ತಿಲ್ಲ. ಬೇಕಾದವರಿಗೆ ಅದು ಕಾಲು. ಆದರೆ ಅದನ್ನೇ ಆರೈಕೆ ಎಂದು ಕರೆಯುವವರೆಗೆ ಈ ಯೋಜನೆಗೆ ಪಾಸು ಅಂಕ ಕೊಡಲಾರೆ. ಮೂಡಿಗೆರೆ, ಕಳಸ, ಚಿಕ್ಕಮಗಳೂರು ತಾಲ್ಲೂಕುಗಳ ಅಕ್ಕಪಕ್ಕದ ಪಂಚಾಯಿತಿಗಳು ತಮ್ಮ ಶೇ 5ನ್ನು ಕೂಡಿಸಿ, ಉಳಿದದ್ದಕ್ಕೆ ಜಿಲ್ಲಾಡಳಿತವನ್ನು ಹಿಡಿದು ಕೇಳಿ, ಹೋಬಳಿಗೊಂದು ಹಗಲು ಮನೆ ತೆರೆಯಲಿ. ಅಲ್ಲಿಗೆ ಬರುವವರ ಪಿಂಚಣಿಯಿಂದ ಒಂದು ರೂಪಾಯಿಯನ್ನೂ ಮುರಿಯಬಾರದು. ಮುಂದಿನ ಗ್ರಾಮಸಭೆಯಲ್ಲಿ ಕ್ರಿಯಾಯೋಜನೆ ಓದುವಾಗ ನೀವೂ ಎದ್ದು ನಿಂತು ಇದನ್ನು ಕೇಳಿ. ಡಿಸೆಂಬರಿಗೆ ಮತ್ತೆ ಕುಯ್ಲು ಬರುತ್ತದೆ.