ಯಾರ ಹಾಡು, ಯಾರ ಚಿತ್ರ: ಮಾಲ್ಟಾದ ಕಲೆಯೊಳಗಿನ ಜಗಳ

ಮಾಲ್ಟಾದ ಬಗ್ಗೆ ಬರೆಯುವವರು ಬಹುಬೇಗ ಒಂದು ಮಾತಿಗೆ ಬಂದು ನಿಲ್ಲುತ್ತಾರೆ: ಅದು ಸಂಸ್ಕೃತಿಗಳ ಸಂಗಮ. 316 ಚದರ ಕಿಲೋಮೀಟರಿನ ಈ ದ್ವೀಪದೇಶಕ್ಕೆ ಫಿನೀಷಿಯನ್ನರು, ರೋಮನ್ನರು, ಅರಬರು, ನಾರ್ಮನ್ನರು ಬಂದುಹೋದರು. 1530ರಿಂದ 1798ರವರೆಗೆ ಸೇಂಟ್ ಜಾನ್ ಪಂಥದ ನೈಟ್‌ಗಳು ಆಳಿದರು. ನೆಪೋಲಿಯನ್ನನ ಸೈನ್ಯ ಎರಡು ವರ್ಷ ಇತ್ತು. ಆಮೇಲೆ 1964ರ ಸ್ವಾತಂತ್ರ್ಯದವರೆಗೆ ಬ್ರಿಟಿಷರು. ಇಷ್ಟು ಜನ ಬಂದ ಮೇಲೆ ಸಂಗಮವಲ್ಲದೆ ಮತ್ತೇನು ಎಂದು ಕೇಳಬಹುದು. ನನಗೆ ಆ ಪದದ ಮೇಲೆ ಅನುಮಾನ. ಸಂಗಮದಲ್ಲಿ ನದಿಗಳು ಸಮಾನವಾಗಿ ಸೇರಿದಂತೆ ಕಾಣುತ್ತವೆ. ಮಾಲ್ಟಾದಲ್ಲಿ ಹಾಗೆ ಆಗಲಿಲ್ಲ. ಒಂದು ಭಾಷೆ ನ್ಯಾಯಾಲಯದಲ್ಲಿ ಕೂತಿತ್ತು, ಇನ್ನೊಂದು ಅಡುಗೆಮನೆಯಲ್ಲಿ. ಒಂದು ಕಲೆ ಚರ್ಚಿನ ಚಾವಣಿಗೆ ಏರಿತು, ಇನ್ನೊಂದು ಬಟ್ಟೆ ಒಗೆಯುವ ಕಲ್ಲಿನ ಬಳಿ ಉಳಿಯಿತು.

ಭಾಷೆಯಿಂದಲೇ ಶುರುಮಾಡೋಣ. ಮಾಲ್ಟೀಸ್‌ನ ಬೇರು ಸಿಸಿಲಿಯ ಅರೇಬಿಕ್‌ನಲ್ಲಿದೆ, ಪದಕೋಶದ ದೊಡ್ಡ ಪಾಲು ಸಿಸಿಲಿಯನ್ ಮತ್ತು ಇಟಾಲಿಯನ್, ಲಿಪಿ ಲ್ಯಾಟಿನ್. ಓದಿದವರ ಭಾಷೆ ಬಹುಕಾಲ ಇಟಾಲಿಯನ್ನೇ ಆಗಿತ್ತು. ಮಾಲ್ಟೀಸ್‌ಗೆ ಅಧಿಕೃತ ಸ್ಥಾನ ಸಿಕ್ಕಿದ್ದು 1934ರಲ್ಲಿ. ಈ ಭಾಷೆಯ ಅತ್ಯಂತ ಹಳೆಯ ಸಾಹಿತ್ಯ ಪಠ್ಯವೆಂದು ಗುರುತಿಸುವ ‘ಕಾಂತಿಲೇನಾ’ 15ನೇ ಶತಮಾನದ್ದು, ಪೀಟ್ರು ಕಶಾರೊ ರಚಿಸಿದ್ದು. ಅದು 1966ರಲ್ಲಿ ಸಿಕ್ಕಿದ್ದು ನೋಟರಿಯೊಬ್ಬರ ಹಳೆಯ ದಸ್ತಾವೇಜುಗಳ ನಡುವೆ. ಅಡಿಪಾಯ ಸಡಿಲವಾಗಿ ಕುಸಿದುಬಿದ್ದ ಮನೆಯೊಂದು ಅದರ ವಸ್ತು. ದೇಶ ಸ್ವತಂತ್ರವಾಗಿ ಎರಡೇ ವರ್ಷವಾಗಿದ್ದಾಗ ಕೈಗೆ ಬಂದ ಮೊದಲ ಕವಿತೆ ಹೀಗಿತ್ತು ಎಂಬುದನ್ನು ಆಕಸ್ಮಿಕವೆಂದು ಬಿಟ್ಟುಬಿಡಬಹುದು. ಆದರೆ ಗೊಣಗಾಟ, ನಷ್ಟ, ಮತ್ತೆ ಕಟ್ಟುವ ಹಟ, ಈ ಮೂರೂ ಮಾಲ್ಟಾದ ಹಾಡಿನಲ್ಲಿ ಮುಂದೆಯೂ ಕೇಳಿಸುತ್ತವೆ.

ಆ ಹಾಡಿನ ಹೆಸರು ‘ಆನ’. ಬರೆಯುವಾಗ ಮೊದಲಿಗೆ ಒಂದು ಅರಬ್ ಅಕ್ಷರದ ನೆರಳಿದೆ, ಉಚ್ಚರಿಸುವಾಗ ಅದು ಮಾಯವಾಗಿ ಸ್ವರ ಮಾತ್ರ ಉಳಿಯುತ್ತದೆ. ಆನದಲ್ಲಿ ಮೂರು ಬಗೆ. ‘ತಾಲ್-ಫಾತ್’ ನಡೆದ ಘಟನೆಯನ್ನು, ಹೆಚ್ಚಾಗಿ ದುರಂತವನ್ನು, ಒಬ್ಬನೇ ಹಾಡುವ ಕಥನ. ‘ಲಾ ಬೊರ್ಮ್‌ಲೀಝಾ’ ಬೊರ್ಮ್ಲಾ ಪಟ್ಟಣದ ಹೆಸರು ಹೊತ್ತದ್ದು; ಗಂಡಸರು ಹೆಂಗಸರ ಶ್ರುತಿಗೆ ಏರಿ, ಒಂದೇ ಅಕ್ಷರವನ್ನು ಎಳೆದೆಳೆದು ಬಳುಕಿಸುವ ಈ ಶೈಲಿ ಇಂದು ತೀರ ವಿರಳ. ಮೂರನೆಯದು ‘ಸ್ಪಿರ್ತು ಪ್ರೊಂತ್’, ಅಂದರೆ ಚುರುಕು ಬುದ್ಧಿ. ಇದು ಆಶುಕವಿಗಳ ಸವಾಲ್-ಜವಾಬ್. ಗಾಯಕರು ಜೋಡಿಯಾಗಿ ನಿಂತು, ಎಂಟೆಂಟು ಮಾತ್ರಾಕ್ಷರದ ನಾಲ್ಕು ಸಾಲಿನ ಪದ್ಯಗಳನ್ನು ಅಲ್ಲೇ ಕಟ್ಟುತ್ತ ಸುಮಾರು ಒಂದು ಗಂಟೆ ವಾದಿಸುತ್ತಾರೆ. ಎರಡು ಮತ್ತು ನಾಲ್ಕನೆಯ ಸಾಲಿಗೆ ಪ್ರಾಸ ಕೂಡಬೇಕು. ಪದ್ಯಗಳ ನಡುವೆ ಮುಖ್ಯ ಗಿಟಾರು ತನ್ನ ಕುಸುರಿ ತೋರಿಸುತ್ತದೆ, ಉಳಿದ ಗಿಟಾರುಗಳು ತಾಳ ಹಿಡಿಯುತ್ತವೆ. ಕೊನೆಗೆ ‘ಕದೆನ್ತ್ಸಾ’ ಎಂಬ ಮುಕ್ತಾಯದ ಪದ್ಯ.

ಸ್ಪಿರ್ತು ಪ್ರೊಂತ್‌ನ ವಿಶೇಷ ಅದರ ಸಂಯಮದಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ಎದುರಾಳಿಯನ್ನು ಕೆಣಕಬೇಕು, ಆದರೆ ಬೈಗುಳಕ್ಕೆ ಇಳಿದವನು ಸೋತಂತೆ. ಚುಚ್ಚುಮಾತು ಉಪಮೆಯೊಳಗೆ, ದ್ವಂದ್ವಾರ್ಥದೊಳಗೆ ಅಡಗಿರಬೇಕು. ಎಲ್ಲರಿಗೂ ಎಲ್ಲರೂ ಗೊತ್ತಿರುವ ಪುಟ್ಟ ದ್ವೀಪದಲ್ಲಿ ಜಗಳವಾಡಿ ಓಡಿಹೋಗಲು ಜಾಗವಿಲ್ಲ. ನಾಳೆ ಅದೇ ಬೀದಿಯಲ್ಲಿ ಮುಖ ನೋಡಬೇಕು. ಇಕ್ಕಟ್ಟಾದ ಬದುಕಿಗೆ ಜನ ಕಂಡುಕೊಂಡ ಶಿಸ್ತು ಈ ಪ್ರಕಾರದ ಛಂದಸ್ಸಿನಲ್ಲೇ ಸೇರಿಕೊಂಡಿದೆ. ಹಾಡಿನ ರಾಗದಲ್ಲಿ ಉತ್ತರ ಆಫ್ರಿಕಾ ಎಷ್ಟು, ಸಿಸಿಲಿ ಎಷ್ಟು ಎಂದು ತೂಗುವ ವಿದ್ವಾಂಸರಿದ್ದಾರೆ. ನನಗೆ ಈ ನಡವಳಿಕೆಯ ನಿಯಮವೇ ಹೆಚ್ಚು ಮಾಲ್ಟೀಸ್ ಎನ್ನಿಸುತ್ತದೆ.

ಇದೇ ಹಾಡನ್ನು ಪಟ್ಟಣದ ಸುಶಿಕ್ಷಿತರು ಬಹುಕಾಲ ಒರಟು ಎಂದು ದೂರವಿಟ್ಟಿದ್ದರು. ಅವರ ಕಿವಿ ಇಟಾಲಿಯನ್ ಆಪೆರಾದ ಕಡೆಗಿತ್ತು. ಅದಕ್ಕಿಂತ ನೋವಿನ ಸಂಗತಿ ಇನ್ನೊಂದಿದೆ. ಹೆಂಗಸರು ನೀರಿನ ಒರತೆಗಳ ಬಳಿ ಬಟ್ಟೆ ಒಗೆಯುತ್ತ, ಮನೆಮಾಳಿಗೆಗಳಿಂದ ಒಬ್ಬರಿಗೊಬ್ಬರು ಉತ್ತರಿಸುತ್ತ ಹಾಡುತ್ತಿದ್ದರು. ಆನ ವೈನಂಗಡಿಗಳಿಗೆ ಹೋದ ಮೇಲೆ ಅದು ಗಂಡಸರ ಹಾಡಾಯಿತು. ಅಲ್ಲಿಗೆ ಹೋಗಿ ಹಾಡುವ ಹೆಣ್ಣಿನ ನಡತೆಯನ್ನೇ ಊರು ಶಂಕಿಸಿತು. ಈಗ ರಾಷ್ಟ್ರದ ಗುರುತು ಎಂದು ನಾವು ಕೇಳುತ್ತಿರುವ ಧ್ವನಿಯ ಅರ್ಧಭಾಗ ಹೀಗೆ ಸದ್ದಿಲ್ಲದೆ ಕಳೆದುಹೋಗಿದೆ.

ಇನ್ನು ಚಾವಣಿಗೆ ಏರಿದ ಕಲೆ. ವಲೆಟ್ಟಾದ ಸೇಂಟ್ ಜಾನ್ ಸಹಕೆಥೆಡ್ರಲ್‌ಗೆ ಸೇರಿದ ಪ್ರಾರ್ಥನಾ ಮಂದಿರದಲ್ಲಿ ಕಾರವಾಜ್ಜೊನ ‘ಸಂತ ಜಾನನ ಶಿರಚ್ಛೇದ’ ಇದೆ, 1608ರದ್ದು. ಐದು ಮೀಟರಿಗೂ ಹೆಚ್ಚು ಅಗಲದ ಆ ಕ್ಯಾನ್ವಾಸಿನ ಅರ್ಧಕ್ಕರ್ಧ ಬರಿಯ ಕತ್ತಲೆಗೋಡೆ. ಸಂತನ ಕತ್ತಿನಿಂದ ಹರಿದ ರಕ್ತದಲ್ಲೇ ಕಲಾವಿದ ತನ್ನ ಹೆಸರು ಬರೆದಿದ್ದಾನೆ. ಅವನು ಸಹಿ ಹಾಕಿದ ಏಕೈಕ ಚಿತ್ರ ಇದು. ಹೆಸರಿನ ಹಿಂದಿನ ‘ಎಫ್’ ಅಕ್ಷರ ‘ಸಹೋದರ’ ಎಂಬುದರ ಸಂಕ್ಷೇಪವೆಂದು ಓದುತ್ತಾರೆ: ನಾನೂ ಈ ಪಂಥದವನು ಎಂಬ ಘೋಷಣೆ. ಕೊಲೆ ಮಾಡಿ ರೋಮ್‌ನಿಂದ ಓಡಿಬಂದಿದ್ದ ಅವನನ್ನು ಜುಲೈ 1608ರಲ್ಲಿ ನೈಟ್ ಮಾಡಿದ ಪಂಥ, ಅದೇ ವರ್ಷದ ಡಿಸೆಂಬರಿನಲ್ಲಿ ಹೊರಹಾಕಿತು. ಅಷ್ಟರಲ್ಲಿ ಅವನು ಸೆರೆಯಿಂದ ತಪ್ಪಿಸಿಕೊಂಡು ದ್ವೀಪ ಬಿಟ್ಟಾಗಿತ್ತು.

ಹದಿನೈದು ತಿಂಗಳೂ ತುಂಬಿ ಇರದವನ ಈ ಚಿತ್ರ ಇಂದು ಮಾಲ್ಟಾದ ಹೆಮ್ಮೆ. ಕಲಾಬ್ರಿಯಾದಲ್ಲಿ ಹುಟ್ಟಿದ ಮತ್ತಿಯಾ ಪ್ರೆತಿಯ ಕತೆ ಬೇರೆ. 1661ರಲ್ಲಿ ಬಂದು ನೆಲೆನಿಂತ ಅವನು ಐದು ವರ್ಷಗಳಲ್ಲಿ ಅದೇ ಚರ್ಚಿನ ಬೋಳು ಚಾವಣಿಯ ಕಲ್ಲಿನ ಮೇಲೆ ನೇರವಾಗಿ ತೈಲವರ್ಣ ಹಚ್ಚಿ ಸಂತ ಜಾನನ ಬದುಕನ್ನು ಬರೆದ. 1699ರಲ್ಲಿ ಸಾಯುವವರೆಗೂ ಅಲ್ಲೇ ಇದ್ದು ಹಳ್ಳಿಚರ್ಚುಗಳಿಗೂ ಚಿತ್ರ ಕೊಟ್ಟ. ಕಾರವಾಜ್ಜೊನನ್ನು ನೋಡಲು ಪ್ರವಾಸಿಗರು ಬರುತ್ತಾರೆ, ಪ್ರೆತಿಯ ಚಿತ್ರದಡಿ ಹಳ್ಳಿಯವರು ಮಂಡಿಯೂರುತ್ತಾರೆ. ‘ನಮ್ಮದು’ ಎಂಬುದನ್ನು ಹುಟ್ಟೂರಿನಿಂದ ಅಳೆಯುವುದಾದರೆ ಇಬ್ಬರೂ ಹೊರಗಿನವರು. ಬಳಕೆಯಿಂದ ಅಳೆದರೆ ಪ್ರೆತಿ ಮಾಲ್ಟಾದವನೇ.

20ನೇ ಶತಮಾನದ ಕಲಾವಿದರು ಈ ಆಳುವವರ ಬರೋಕ್ ಭಾರದಿಂದ ಬಿಡಿಸಿಕೊಳ್ಳಲು ಒಂದು ಉಪಾಯ ಕಂಡರು: ಎಲ್ಲ ಆಳರಸರಿಗಿಂತ ಹಿಂದಕ್ಕೆ ಹೋಗುವುದು. ಜ್ಗಾಂತೀಯಾ, ತಾರ್ಶೀನ್‌ಗಳ ಐದು ಸಾವಿರ ವರ್ಷಕ್ಕೂ ಹಳೆಯ ಕಲ್ಲುಗುಡಿಗಳ ಸುರುಳಿ, ದುಂಡು ರೂಪಗಳು ಅವರನ್ನು ಕರೆದವು. ರಿಚರ್ಡ್ ಇಂಗ್ಲೆಂಡ್ ವಿನ್ಯಾಸದ ಮನಿಕಾತಾ ಚರ್ಚು (1962–74) ಆ ಗುಡಿಗಳ ಜೊತೆಗೆ ‘ಜೀರ್ನಾ’ ಎಂಬ, ಗಾರೆಯಿಲ್ಲದೆ ಪೇರಿಸಿದ ರೈತರ ಕಲ್ಲುಗುಡಿಸಲನ್ನೂ ನೆನೆಯುತ್ತದೆ. ಇತಿಹಾಸಪೂರ್ವದ ಪೂರ್ವಿಕರು ಅನುಕೂಲಕರ, ಏಕೆಂದರೆ ಅವರು ಯಾರ ಪಕ್ಷವನ್ನೂ ವಹಿಸುವುದಿಲ್ಲ, ಎದುರು ಮಾತಾಡುವುದಿಲ್ಲ. ಮನಿಕಾತಾ ನನಗೆ ಮುಖ್ಯವಾಗುವುದು ಗುಡಿಗಿಂತ ಗುಡಿಸಲಿನಿಂದ. ಜೀರ್ನಾ ಕಟ್ಟುವ ಕೈಗಳು ಆಗಲೂ ಹೊಲಗಳಲ್ಲಿದ್ದವು. ಎಮ್ವಿನ್ ಕ್ರೆಮೋನಾ (1919–1987) ಇನ್ನೊಂದು ದಾರಿ ಹಿಡಿದವನು: ಚರ್ಚುಗಳನ್ನು ಅಲಂಕರಿಸಿದ ಕೈಯೇ ದೇಶದ ಅಂಚೆಚೀಟಿಗಳನ್ನೂ ಒಡೆದ ಗಾಜಿನ ಅಮೂರ್ತ ಕೃತಿಗಳನ್ನೂ ಮಾಡಿತು. ಭಕ್ತಿ, ಸರ್ಕಾರ, ಆಧುನಿಕತೆ ಮೂರಕ್ಕೂ ಒಬ್ಬನೇ ಕಲಾವಿದ ಉತ್ತರಿಸಬೇಕಾದ ಸಣ್ಣ ದೇಶದ ಇಕ್ಕಟ್ಟು ಅಲ್ಲಿದೆ. ಸಂಗೀತದಲ್ಲಿ ಚಾರ್ಲ್ಸ್ ಕಮಿಲ್ಲೇರಿ (1931–2009) ‘ಮಾಲ್ಟಾ ಸೂಟ್’ನ ಜನಪದ ಧಾಟಿಯಿಂದ ‘ಮಿಸ್ಸಾ ಮುಂದಿ’ಯ ಆರ್ಗನ್ ಧ್ಯಾನದವರೆಗೆ ನಡೆದದ್ದೂ ಇದೇ ಇಕ್ಕಟ್ಟಿನೊಳಗೆ.

2021ರಲ್ಲಿ ಆನ, 2023ರಲ್ಲಿ ಹಳ್ಳಿಯ ಹಬ್ಬ ‘ಫೆಸ್ತಾ’ ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿದವು. ಒಂದು ಕಾಲಕ್ಕೆ ಕೀಳೆನಿಸಿದ್ದ ಹಾಡಿಗೆ ಈ ಮರ್ಯಾದೆ ಸಿಕ್ಕಿದ್ದು ನ್ಯಾಯವೇ. ಆದರೆ ಫೆಸ್ತಾದ ಜೀವವಿರುವುದು ಅದರ ಪೈಪೋಟಿಯಲ್ಲಿ. ಎಷ್ಟೋ ಊರುಗಳಲ್ಲಿ ಎರಡೆರಡು ಬ್ಯಾಂಡ್ ಕ್ಲಬ್‌ಗಳಿವೆ. ಯಾರ ವಾದ್ಯ, ಯಾರ ತೋರಣ, ಯಾರ ಪಟಾಕಿ ಮೇಲು ಎಂಬ ಹಟ ತಲೆಮಾರುಗಳಿಂದ ನಡೆದಿದೆ. ಪಟ್ಟಿಗಳು ಪರಂಪರೆಯನ್ನು ಒಮ್ಮತದ ಸಂಗತಿಯಾಗಿ ನೋಡಲು ಇಷ್ಟಪಡುತ್ತವೆ. ಮಾಲ್ಟಾದ ಅಸ್ಮಿತೆ ಒಮ್ಮತದಿಂದ ಹುಟ್ಟಿದ್ದಲ್ಲ. ಸ್ಪಿರ್ತು ಪ್ರೊಂತ್ ವೇದಿಕೆಯ ಹತ್ತು ನಿಮಿಷದ ಸವಿಗಾನವಾಗಿ ಮೊಟಕಾದರೆ, ಎದುರಾಳಿಗೆ ಉತ್ತರ ಹುಡುಕುವ ಆ ಒಂದು ಗಂಟೆಯ ಒತ್ತಡ ಹೋಗುತ್ತದೆ, ಅದರೊಂದಿಗೆ ಕಾವ್ಯವೂ. ಈ ಪರಂಪರೆ ಬದುಕಿದೆಯೇ ಎಂದು ತಿಳಿಯಲು ನಾನು ಉತ್ಸವಗಳ ಸಂಖ್ಯೆಯನ್ನು ಎಣಿಸುವುದಿಲ್ಲ. ಒರತೆಯ ಬಳಿ ಹಾಡುತ್ತಿದ್ದವರ ಮೊಮ್ಮಕ್ಕಳಲ್ಲಿ ಒಬ್ಬ ಹೆಣ್ಣುಮಗಳು ಗಂಡಸರ ಎದುರು ನಿಂತು ಪ್ರಾಸ ಕೂಡಿಸಿ ಜವಾಬು ಕೊಟ್ಟಾಗ, ಊರು ಅವಳ ಪದ್ಯವನ್ನಷ್ಟೇ ಅಳೆಯುತ್ತದೆಯೇ ಎಂದು ನೋಡುತ್ತೇನೆ.