ಗೈರತ್, ಮಸ್ಲಹತ್ ಮತ್ತು ಒಂದು ಓಟು

2024ರ ನವೆಂಬರಿನಲ್ಲಿ ಅಮೆರಿಕದ ಫಲಿತಾಂಶ ಬಂದ ಎರಡು ದಿನಗಳಿಗೆ ಸಾಸ್ತಾನ ಪೇಟೆಯ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದೆವು. ಗಲ್ಲೆಯಲ್ಲಿ ಕುಳಿತಿದ್ದ ಯಜಮಾನರು ಪತ್ರಿಕೆ ಮಡಚಿಟ್ಟು, "ಎಂತ ಸಾಯ್ಬ್ರೆ, ಟ್ರಂಪನ್ನ್ ನಿಮ್ಮೋರೇ ಗೆಲ್ಸದ್ ಅಂಬ್ರಲೆ?" ಎಂದು ಕೇಳಿದರು. ಅವರ ಮಾತಿನಲ್ಲಿ ಕುಹಕವಿರಲಿಲ್ಲ. ಪತ್ರಿಕೆಯಲ್ಲಿ ಬಂದದ್ದನ್ನು ಅವರು ಕೇಳಿದರು, ಅಷ್ಟೆ. ಆದರೆ ಸಾಸ್ತಾನದಲ್ಲಿ ಕುಳಿತ ನಾವು ಮಿಚಿಗನ್‌ನ ಮತದಾರರ ಪರವಾಗಿ ಉತ್ತರಿಸಬೇಕಾದ ಸ್ಥಿತಿ ಏಕೆ ಬಂತು ಎಂಬುದು ಯೋಚಿಸಬೇಕಾದ ವಿಷಯ.

ಮೊದಲು ಲೆಕ್ಕ. ಟ್ರಂಪ್ ಪಡೆದದ್ದು 312 ಎಲೆಕ್ಟೋರಲ್ ಮತಗಳು, ಕಮಲಾ ಹ್ಯಾರಿಸ್ 226. ಗೆಲುವಿಗೆ ಬೇಕಾದದ್ದು 270. ಮಿಚಿಗನ್ ರಾಜ್ಯದ ಪಾಲು 15. ಆ ಹದಿನೈದನ್ನು ಟ್ರಂಪ್‌ರಿಂದ ಕಿತ್ತು ಹ್ಯಾರಿಸರಿಗೆ ಕೊಟ್ಟರೂ ಟ್ರಂಪ್ ಬಳಿ 297 ಉಳಿಯುತ್ತದೆ. ಇದು ಮೂರನೇ ತರಗತಿಯ ಕಳೆಯುವ ಲೆಕ್ಕ. ಆದರೂ ದೊಡ್ಡ ದೊಡ್ಡ ಅಂಕಣಕಾರರು ಇದನ್ನು ಮಾಡಲಿಲ್ಲ. ಡಿಯರ್‌ಬಾರ್ನ್ ಎಂಬ ಒಂದು ಊರನ್ನು ಹಿಡಿದುಕೊಂಡು ಮುಸ್ಲಿಮರು ತಮ್ಮ ಕಾಲಿಗೆ ತಾವೇ ಕೊಡಲಿ ಹಾಕಿಕೊಂಡರು ಎಂದು ಬರೆದರು.

ಆ ಊರಿನಲ್ಲಿ ನಡೆದದ್ದೇನು? ಅಲ್ಲಿನ ಜನಸಂಖ್ಯೆಯಲ್ಲಿ ಅರ್ಧಕ್ಕಿಂತ ಹೆಚ್ಚು ಅರಬ್ ಮೂಲದವರು. 2020ರಲ್ಲಿ ಮೂರರಲ್ಲಿ ಎರಡು ಪಾಲಿಗೂ ಹೆಚ್ಚು ಮತ ಬೈಡನ್‌ಗೆ ಬಿದ್ದಿತ್ತು. 2024ರಲ್ಲಿ ಟ್ರಂಪ್‌ಗೆ ಶೇಕಡಾ 42, ಹ್ಯಾರಿಸರಿಗೆ 36, ಗ್ರೀನ್ ಪಕ್ಷದ ಜಿಲ್ ಸ್ಟೈನ್‌ಗೆ 18ರಷ್ಟು ಬಂತು. ಇದು ಏಕಾಏಕಿ ಆದದ್ದಲ್ಲ. ಆ ವರ್ಷದ ಫೆಬ್ರವರಿಯಲ್ಲೇ ಮಿಚಿಗನ್‌ನ ಡೆಮಾಕ್ರಟಿಕ್ ಪ್ರಾಥಮಿಕ ಚುನಾವಣೆಯಲ್ಲಿ ಒಂದು ಲಕ್ಷಕ್ಕೂ ಮಿಕ್ಕಿದ ಜನ ಬೈಡನ್‌ರ ಹೆಸರು ಬಿಟ್ಟು 'ಯಾರಿಗೂ ಬದ್ಧರಲ್ಲ' ಎಂಬ ಕಲಮಿಗೆ ಗುರುತು ಹಾಕಿದ್ದರು. ಗಾಝಾದ ಮೇಲೆ ಬೀಳುತ್ತಿದ್ದ ಬಾಂಬು ನಿಲ್ಲಿಸಿ ಎಂಬುದೇ ಅವರ ಬೇಡಿಕೆ. ಆಗಸ್ಟ್‌ನಲ್ಲಿ ಶಿಕಾಗೋ ಅಧಿವೇಶನದಲ್ಲಿ ಫೆಲೆಸ್ತೀನ್ ಮೂಲದ ಶಾಸಕಿ ರುವಾ ರೊಮ್ಮಾನ್‌ರಿಗೆ ಕೆಲವೇ ನಿಮಿಷ ಮಾತಾಡಲು ಬಿಡಿ ಎಂದು ಬೇಡಿಕೊಂಡರು. ಪಕ್ಷ ಅದನ್ನೂ ನಿರಾಕರಿಸಿತು. ಈ ಮತಗಳಿಲ್ಲದೆಯೂ ನಡೆಯುತ್ತದೆ ಎಂದು ಪಕ್ಷವೇ ಲೆಕ್ಕ ಹಾಕಿದ್ದ ಮೇಲೆ, ಲೆಕ್ಕ ತಪ್ಪಿದಾಗ ಮತದಾರನನ್ನು ಬೈಯುವುದು ಯಾವ ನ್ಯಾಯ?

ಇಷ್ಟು ಸ್ಪಷ್ಟವಾಗಿ ಈಗ ಬರೆಯುತ್ತಿದ್ದೇವೆ. ಆದರೆ ಚುನಾವಣೆಯ ಹಿಂದಿನ ವಾರ ನಾವೂ ಬೈದವರೇ.

ನಮ್ಮ ಅಕ್ಕನ ಮಗ ಡಿಯರ್‌ಬಾರ್ನಿನಿಂದ ಅರ್ಧ ಗಂಟೆ ದಾರಿಯ ಊರಿನಲ್ಲಿದ್ದಾನೆ. ಅಲ್ಲಿಯೇ ಹುಟ್ಟಿದ ಹೈದರಾಬಾದಿ ಮನೆತನದ ಹುಡುಗಿಯನ್ನು ಮದುವೆಯಾಗಿ ಪೌರತ್ವ ಪಡೆದವನು. ಅವನ ಮೊದಲ ಮತ ಅದು. ಸ್ಟೈನ್‌ಗೆ ಹಾಕುತ್ತೇನೆ ಎಂದ. ನಾವು 2000ನೇ ಇಸವಿಯ ಕತೆ ತೆಗೆದೆವು. ಆ ವರ್ಷ ಬುಷ್ ಟಿವಿ ಚರ್ಚೆಯಲ್ಲಿ ಅರಬರ ವಿರುದ್ಧ ಬಳಸಲಾಗುತ್ತಿದ್ದ 'ರಹಸ್ಯ ಸಾಕ್ಷ್ಯ'ದ ವಿರುದ್ಧ ಮಾತಾಡಿದ್ದರು. ಆರೋಪಿಗೇ ತೋರಿಸದ ಪುರಾವೆಯ ಮೇಲೆ ವಲಸಿಗರನ್ನು ಬಂಧನದಲ್ಲಿಡುವ ಪದ್ಧತಿಯದು. ಆ ಒಂದು ಮಾತಿಗೆ ಅಲ್ಲಿನ ನಾಲ್ಕು ಪ್ರಮುಖ ಮುಸ್ಲಿಮ್ ಸಂಘಟನೆಗಳ ಒಕ್ಕೂಟ ಬುಷ್‌ಗೆ ಬೆಂಬಲ ಘೋಷಿಸಿತು. ಫ್ಲೋರಿಡಾದಲ್ಲಿ ಬುಷ್ ಗೆದ್ದದ್ದು 537 ಮತಗಳಿಂದ. ಅದೇ ರಾಜ್ಯದಲ್ಲಿ ಗ್ರೀನ್ ಪಕ್ಷದ ರಾಲ್ಫ್ ನಾಡರ್ 97 ಸಾವಿರ ಮತ ಪಡೆದಿದ್ದರು. ಆ ಬಳಿಕ ಪೇಟ್ರಿಯಟ್ ಕಾಯಿದೆ, ಗ್ವಾಂಟನಾಮೊ, 2003ರ ಇರಾಕ್. "537 ಮರೆಯಬೇಡ" ಎಂದು ಹಿರಿಯರ ದನಿಯಲ್ಲಿ ಹೇಳಿದೆವು.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಾಮೂ, ಏಪ್ರಿಲ್‌ನಲ್ಲಿ ನೀವು ಯಾರಿಗೆ ಹಾಕಿದಿರಿ?" ಎಂದ.

ಪ್ರಶ್ನೆ ಸರಿಯಾದ ಜಾಗಕ್ಕೇ ತಾಗಿತು. 2024ರ ಏಪ್ರಿಲ್ 26, ಶುಕ್ರವಾರ. ಉಡುಪಿ-ಚಿಕ್ಕಮಗಳೂರು ಕ್ಷೇತ್ರದಲ್ಲಿ ಒಂದು ಕಡೆ ನಮ್ಮ ನೆರೆಯ ಕೋಟದ ಶ್ರೀನಿವಾಸ ಪೂಜಾರಿಯವರು. ವೈಯಕ್ತಿಕವಾಗಿ ಅವರ ಬಗ್ಗೆ ನಮ್ಮ ತಕರಾರಿಲ್ಲ. ಆದರೆ 2022ರ ಫೆಬ್ರವರಿ 5ರ ಸಮವಸ್ತ್ರದ ಆದೇಶ ಹೊರಟಾಗ ಅವರು ಅದೇ ಸರಕಾರದಲ್ಲಿ ಮಂತ್ರಿ. ಇನ್ನೊಂದು ಕಡೆ ಜಯಪ್ರಕಾಶ ಹೆಗ್ಡೆಯವರು. ಬ್ರಹ್ಮಾವರದ ಹಳೆಯ ಶಾಸಕರು, 2012ರ ಉಪಚುನಾವಣೆಯಲ್ಲಿ ಕಾಂಗ್ರೆಸ್ಸಿನಿಂದ ಸಂಸದರಾದವರು, ಬಳಿಕ ಭಾಜಪ ಸೇರಿ ಆ ಮಾರ್ಚಿನಲ್ಲಷ್ಟೇ ಕಾಂಗ್ರೆಸ್ಸಿಗೆ ಮರಳಿದವರು. ಕಾಂಗ್ರೆಸ್ ಸರಕಾರದ ಮಾತೂ ಗೊತ್ತಿದ್ದದ್ದೇ. 2023ರ ಡಿಸೆಂಬರಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಹಿಜಾಬ್ ನಿಷೇಧ ಹಿಂತೆಗೆಯುವುದಾಗಿ ಸಭೆಯಲ್ಲಿ ಸಾರಿದರು. ಮಾರನೆಯ ದಿನ ಆ ಮಾತು 'ಆಲೋಚನೆ ನಡೆದಿದೆ' ಎಂಬಲ್ಲಿಗೆ ಇಳಿಯಿತು. ನಾವು ಮತಗಟ್ಟೆಗೆ ಹೋದ ದಿನ ಆದೇಶ ಇದ್ದಲ್ಲೇ ಇತ್ತು.

2022ರಲ್ಲಿ ನಮ್ಮ ಮಗಳು ದ್ವಿತೀಯ ಪಿಯುಸಿ. ಗೇಟಿನ ಹೊರಗೆ ನಿಂತು ಮನೆಗೆ ಮರಳಿದ ಮಕ್ಕಳಲ್ಲಿ ಅವಳೂ ಒಬ್ಬಳು. ಒಂದು ವರ್ಷ ಹೋಯಿತು. ಮತದಾನದ ದಿನ ಅವಳು "ನೋಟಾ ಒತ್ತಿದರೆ ತಪ್ಪೇನು ಅಬ್ಬಾ?" ಎಂದು ಕೇಳಿದಳು. ಸುಪ್ರೀಂ ಕೋರ್ಟು 2013ರಲ್ಲಿ ಕೊಡಿಸಿದ ಗುಂಡಿ ಅದು. ಎಷ್ಟೇ ಜನ ಒತ್ತಿದರೂ ಉಳಿದವರಲ್ಲಿ ಹೆಚ್ಚು ಮತ ಪಡೆದವನೇ ಗೆಲ್ಲುತ್ತಾನೆ ಎಂದು ವಿವರಿಸಿದೆವು. ಅವಳಿಗೆ ಅದು ಗೊತ್ತಿಲ್ಲದ್ದಲ್ಲ. ಜುಮಾ ಮುಗಿಸಿ ಬಂದು ನಾವು ಕೈ ಚಿಹ್ನೆಗೆ ಹಾಕಿದೆವು, ಇದರಲ್ಲಿ ಮುಚ್ಚುಮರೆಯೇನಿಲ್ಲ. ಅಭ್ಯರ್ಥಿ ಎರಡೂವರೆ ಲಕ್ಷಕ್ಕೂ ಹೆಚ್ಚಿನ ಅಂತರದಿಂದ ಸೋತರು.

ಉರ್ದುವಿನಲ್ಲಿ ಎರಡು ಪದಗಳಿವೆ. ಗೈರತ್ ಅಂದರೆ ಅವಮಾನ ಸಹಿಸದ ಸ್ವಾಭಿಮಾನ. ಮಸ್ಲಹತ್ ಅಂದರೆ ಹಿತವನ್ನು ತೂಗಿ ನೋಡುವ ಜಾಣ್ಮೆ. ಆ ನವೆಂಬರಿನಲ್ಲಿ ನಾವು ಓದಿದ ಉರ್ದು ಬರಹಗಳು ಡಿಯರ್‌ಬಾರ್ನನ್ನು ಗೈರತ್ತಿನ ಊರೆಂದು ಕೊಂಡಾಡಿದವು. ಕನ್ನಡದಲ್ಲಿ ಓದಿದವು ಮಸ್ಲಹತ್ ಇಲ್ಲದವರೆಂದು ಛೀಮಾರಿ ಹಾಕಿದವು. ಎರಡರಲ್ಲೂ ಆ ಊರಿನ ಮನುಷ್ಯರು ಕಾಣಲಿಲ್ಲ. ಟ್ರಂಪ್, ಹ್ಯಾರಿಸ್, ಸ್ಟೈನ್ ಎಂದು ಒಂದೇ ಬೀದಿಯಲ್ಲಿ ಮೂರು ದಾರಿ ಹಿಡಿದವರನ್ನು ಒಂದೇ ಮುದ್ದೆ ಮಾಡಿ ನೋಡುವ ಚಾಳಿ ನಮಗೆ ಹೊಸದಲ್ಲ. 2023ರಲ್ಲಿ ಕರ್ನಾಟಕದ ಮುಸ್ಲಿಮರು ಹೆಚ್ಚುಕಡಿಮೆ ಒಂದೇ ಕಡೆ ಹಾಕಿದರು, ಅದು ಓಟ್ ಬ್ಯಾಂಕ್ ಆಯಿತು. ಚದುರಿ ಹಾಕಿದ್ದರೆ 'ಬಿ ಟೀಮ್' ಆಗುತ್ತಿತ್ತು. ಕತೆ ಬರೆಯುವವರಾಗಿ ನಮಗೆ ಇದು ಕೆಟ್ಟ ಕತೆಗಾರಿಕೆಯಾಗಿ ಕಾಣುತ್ತದೆ. ಪಾತ್ರದ ಬಾಯಿಗೆ ಒಂದು ಮಾತೂ ಕೊಡದೆ ಅದರ ಗುಣದ ಬಗ್ಗೆ ತೀರ್ಪು ಕೊಟ್ಟಂತೆ.

ಹಾಗೆಂದು ಎಲ್ಲವನ್ನೂ ಸಮರ್ಥಿಸಲು ನಾವು ಸಿದ್ಧರಿಲ್ಲ. ಅಕ್ಟೋಬರ್ 26ರಂದು ಮಿಚಿಗನ್‌ನ ನೊವೈ ಎಂಬಲ್ಲಿ ಕೆಲವು ಇಮಾಮರು ಟ್ರಂಪ್‌ರ ವೇದಿಕೆ ಏರಿ, ಇವರು ಶಾಂತಿ ತರುತ್ತಾರೆಂದು ಸಾಕ್ಷಿ ನುಡಿದರು. ಒಲ್ಲದ ಮನಸ್ಸಿನಿಂದ ಮತ ಹಾಕುವುದು ಬೇರೆ, ಸಾರ್ವಜನಿಕವಾಗಿ ಜಾಮೀನು ನಿಲ್ಲುವುದು ಬೇರೆ. ಮುಸ್ಲಿಮ್ ರಾಷ್ಟ್ರಗಳ ಜನರಿಗೆ 2017ರಲ್ಲಿ ಬಾಗಿಲು ಹಾಕಿದ ಮನುಷ್ಯನಿಗೆ ಜಾಮೀನು! 2025ರ ಫೆಬ್ರವರಿಯಲ್ಲಿ ಆತ ನೆತನ್ಯಾಹುವನ್ನು ಪಕ್ಕದಲ್ಲಿಟ್ಟುಕೊಂಡು ಗಾಝಾವನ್ನು ಅಮೆರಿಕ ವಶಕ್ಕೆ ತೆಗೆದುಕೊಳ್ಳುತ್ತದೆ ಎಂದರು. ಜೂನ್‌ನಲ್ಲಿ 12 ದೇಶಗಳ ಪ್ರವೇಶ ನಿಷೇಧದ ಪಟ್ಟಿ ಬಂತು, ಅದರಲ್ಲಿ ಯೆಮನ್ ಕೂಡ ಇತ್ತು. ಮಿಚಿಗನ್‌ನಲ್ಲಿ ಯೆಮನಿಗಳ ದೊಡ್ಡ ನೆಲೆಯಿರುವ ಹ್ಯಾಮ್‌ಟ್ರಾಮಿಕ್‌ನ ಆಗಿನ ಮೇಯರ್ ಆಮಿರ್ ಗಾಲಿಬ್, ಸ್ವತಃ ಯೆಮನ್‌ನಲ್ಲಿ ಹುಟ್ಟಿದವರು, ಟ್ರಂಪ್‌ಗೆ ಬಹಿರಂಗ ಬೆಂಬಲ ಕೊಟ್ಟಿದ್ದರು.

ಆ ಪಟ್ಟಿ ಬಂದ ವಾರ ಅಳಿಯನಿಗೆ ಫೋನು ಮಾಡಿದೆವು. "ಹೇಳಿದ್ದೆನಲ್ಲ" ಎನ್ನುವ ಆಸೆ ಇತ್ತು ಎಂಬುದು ಸುಳ್ಳಲ್ಲ. ಹೇಳಲಿಲ್ಲ. ಹ್ಯಾರಿಸರಿಗೆ ಹಾಕಿದ್ದರೆ ಮಲಗುವಾಗ ಗಾಝಾದ ಮಕ್ಕಳ ಚಿತ್ರ ಕಣ್ಣೆದುರು ಬರುತ್ತಿತ್ತು, ಈಗ ಈ ಪಟ್ಟಿ ಬರುತ್ತದೆ ಎಂದು ಅವನೇ ಹೇಳಿದ. ಹೋಟೆಲಿನ ಯಜಮಾನರಿಗೆ ಅಂದು 312ರಲ್ಲಿ 15 ಕಳೆದು ತೋರಿಸಿದ್ದಷ್ಟೇ ಸುಲಭವಾಗಿ ಇದಕ್ಕೆ ಉತ್ತರ ನಮ್ಮಲ್ಲಿರಲಿಲ್ಲ.

ಮಗಳು ಯಾವ ಗುಂಡಿ ಒತ್ತಿದಳೆಂದು ನಾವು ಕೇಳಿಲ್ಲ, ಅವಳೂ ಹೇಳಿಲ್ಲ. 2028ರಲ್ಲಿ ನಮ್ಮ ವಿಧಾನಸಭೆಗೂ ಅಮೆರಿಕದ ಅಧ್ಯಕ್ಷ ಪದವಿಗೂ ಒಂದೇ ವರ್ಷ ಚುನಾವಣೆ ಬರಲಿದೆ. ಅತ್ತಿಗೆಯೂ ಅಣ್ಣನೂ ಈಗಲೇ ವಾಟ್ಸಾಪಿನಲ್ಲಿ ಅವಳ ಕಡೆ ಸೇರಿಕೊಂಡಿದ್ದಾರೆ.